ಗದ್ದಿಗೆಯ ಮೇಲಿನ ಲ್ಯಾಪ್‌ಟಾಪ್

ಖಾನಾಪುರ
೧೨ ನವೆಂಬರ್ ೨೦೦೦

ಪೂಜ್ಯ ಗುರುಪುತ್ರಪ್ಪ ಸರ್ ಅವರಿಗೆ,

ನಿಮ್ಮ ಭಾನುವಾರದ ಕಂಪ್ಯೂಟರ್ ಕ್ಲಾಸಿನಲ್ಲಿ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ ಪ್ರಮಿಳಾಳ ನಮಸ್ಕಾರ. ಟಿಳಕವಾಡಿಗೆ ವಾರ ವಾರ ಬರುವುದು ನಿಂತ ಮೇಲೆ ಭಾನುವಾರ ಅಂದರೆ ಏನು ಮಾಡಬೇಕೋ ತಿಳಿಯದಂತಾಗಿದೆ.

ಟೆಲಿಫೋನ್ ಕಚೇರಿಯಲ್ಲಿ ಕೂತವಳು ಕಾಗದ ಯಾಕೆ ಬರೆಯುತ್ತಾಳೆ ಎಂದು ನಗಬೇಡಿ. ಬೆಳಗಿನಿಂದ ಸಂಜೆಯವರೆಗೆ ಜನರ ದೂರು ಕೇಳುವುದೇ ನನ್ನ ಕೆಲಸ. ಯಾರದೋ ಲೈನು ಸತ್ತಿದೆ, ಯಾರದೋ ಗಂಟೆ ಬಾರಿಸುವುದಿಲ್ಲ. ಮನೆಗೆ ಬಂದ ಮೇಲೆ ಮತ್ತೆ ರಿಸೀವರ್ ಹಿಡಿಯಲು ಕಿವಿ ಒಪ್ಪುವುದಿಲ್ಲ.

ವಿಷಯ ಇಷ್ಟೇ. ನಾನೊಂದು ಲ್ಯಾಪ್‌ಟಾಪ್ ಕೊಳ್ಳಬೇಕು. ಹಳೆಯದಾದರೂ ನಡೆದೀತು. ಕಚೇರಿ ಕೆಲಸಕ್ಕಲ್ಲ, ಸಂಪಾದನೆಗೂ ಅಲ್ಲ, ನೀವು ಹಚ್ಚಿದ ಹುಚ್ಚಿಗೆ. ವೆಬ್ ಪೇಜ್ ಬರೆಯುವುದು ನನಗೆ ಬಹಳ ಹಿಡಿಸಿದೆ. ಒಂದು ಪುಟ ಶುರು ಮಾಡಿದ್ದೇನೆ, ಅದೇನೆಂದು ಮುಗಿದ ಮೇಲೆ ತೋರಿಸುತ್ತೇನೆ. ಅಂಗಡಿಗೆ ನಾನೇ ಹೋಗಿದ್ದೆ. ಅಲ್ಲಿಯವನು ನನ್ನ ಕೈಚೀಲ ನೋಡಿ, "ಮನಿಯಾಗ ಗಂಡಸರಿದ್ರ ಕರ್ಕೊಂಡ ಬರ್ರಿ ಅಕ್ಕಾರ, ಅವರಿಗೆ ತಿಳಿಸಿ ಹೇಳತೇನಿ" ಅಂದ. ಯಾವುದನ್ನು ತೆಗೆದುಕೊಳ್ಳಬೇಕು ಎಂದು ನೀವು ಹೇಳಿದರೆ ಸಾಕು, ಅವನಿಗೆ ತಿಳಿಸಿ ಹೇಳುವುದನ್ನು ನಾನು ನೋಡಿಕೊಳ್ಳುತ್ತೇನೆ.

ಸುಗ್ಗಿ ಮುಗಿದ ಮೇಲೆ ಒಮ್ಮೆ ಈ ಕಡೆ ಬನ್ನಿ ಸರ್. ನಮ್ಮ ಅವ್ವನೂ ಆಗ ಹತ್ತಿರದಲ್ಲೇ ಇರುತ್ತಾಳೆ.

ನಿಮ್ಮ ವಿದ್ಯಾರ್ಥಿನಿ,
ಪ್ರಮಿಳಾ


ಮಹಾಂತೇಶ ನಗರ, ಬೆಳಗಾವಿ
೧೯ ನವೆಂಬರ್ ೨೦೦೦

ಚಿ. ಪ್ರಮಿಳಾಗೆ ಶರಣು.

ನಿನ್ನ ಕಾಗದ ಓದಿ ಸಂತೋಷವಾಯಿತು, ಎರಡನೆಯ ಸಲ ಓದಿ ಸಿಟ್ಟು ಬಂತು. ಗಣಿತ ಕಲಿಸಿ ಕಲಿಸಿ ಬಂದ ಚಾಳಿ, ತಪ್ಪು ಕಂಡರೆ ಸುಮ್ಮನಿರಲು ಆಗುವುದಿಲ್ಲ.

ಲ್ಯಾಪ್‌ಟಾಪ್ ಯಾಕೆ? ಅದು ವಿಮಾನದಲ್ಲಿ ಓಡಾಡುವವರ ಸಾಮಾನು. ನೀನು ಓಡಾಡುವುದು ಖಾನಾಪುರದ ಕೆಂಪು ಬಸ್ಸಿನಲ್ಲಿ. ಸುಮ್ಮನೆ ಒಂದು ಡೆಸ್ಕ್‌ಟಾಪ್ ತೆಗೆದುಕೋ. ಪರದೆ ದೊಡ್ಡದು, ಕೀಬೋರ್ಡ್ ಕೈತುಂಬ ಸಿಗುತ್ತದೆ, ಒಂದು ಭಾಗ ಕೆಟ್ಟರೆ ಅದೊಂದನ್ನೇ ಬದಲಿಸಬಹುದು. ಲ್ಯಾಪ್‌ಟಾಪಿನಲ್ಲಿ ಒಂದು ಗುಂಡಿ ಕಿತ್ತರೆ ಪುಣೆಯಿಂದ ತರಿಸಬೇಕು, ಪುಣೆಯವನು ತೈವಾನಿನಿಂದ ತರಿಸಬೇಕು. ವೆಬ್ ಪೇಜ್ ಬರೆಯಲು ಬೇಕಾದದ್ದು ನೋಟ್‌ಪ್ಯಾಡ್, ಒಂದು ಬ್ರೌಸರ್, ತಾಳ್ಮೆ. ಮೂರೂ ಮೇಜಿನ ಮೇಲೆ ಚೆನ್ನಾಗಿ ಕೂರುತ್ತವೆ. ಕಚೇರಿಯವರ ಎದುರಿಗೆ ಬಗಲಲ್ಲಿ ಹಿಡಿದು ಓಡಾಡುವ ಆಸೆಯಿದ್ದರೆ ಆ ಮಾತು ಬೇರೆ.

ನನ್ನ ತೀರ್ಪು ಡೆಸ್ಕ್‌ಟಾಪಿಗೆ. ಮೇಲ್ಮನವಿಗೆ ಅವಕಾಶವಿಲ್ಲ.

ಬರುವ ಮಾತು ಬಿಡು. ಮೊಣಕಾಲು ಬಸ್ಸಿನ ಮೆಟ್ಟಿಲಿಗೆ ಒಪ್ಪುವುದಿಲ್ಲ. ಸೊಸೆ ನಿಖಿತಾ ನಿನ್ನನ್ನು ಕೇಳಿದಳು.

ಗುರುಪುತ್ರಪ್ಪ


ಖಾನಾಪುರ
೩ ಡಿಸೆಂಬರ್ ೨೦೦೦

ಪೂಜ್ಯ ಸರ್ ಅವರಿಗೆ ನಮಸ್ಕಾರ.

ನಿಮ್ಮ ತೀರ್ಪು ತಲುಪಿತು. ಉತ್ತರ ತಡವಾದದ್ದಕ್ಕೆ ಕಚೇರಿ ಕೆಲಸ ಕಾರಣ ಎಂದು ಬರೆಯಬಹುದಿತ್ತು. ಖರೇ ಹೇಳಬೇಕೆಂದರೆ ಬೇಸರವಾಗಿತ್ತು. ಕೆಂಪು ಬಸ್ಸಿನ ಮಾತು ನೀವು ತಮಾಷೆಗೆ ಬರೆದದ್ದು, ಗೊತ್ತು. ಆದರೂ ಆಯಿತು.

ಮೇಲ್ಮನವಿಗೆ ಅವಕಾಶವಿಲ್ಲ ಎಂದಿದ್ದೀರಿ. ಇದು ಮೇಲ್ಮನವಿಯಲ್ಲ, ಮೊದಲೇ ಹೇಳಬೇಕಿದ್ದ ಮಾತು.

ನಾವು ಕುರಿ ಸಾಕುವವರು. ನಾನು ನೌಕರಿ ಹಿಡಿದೆ, ತಮ್ಮ ಬಾಳೇಶ ಕುರಿ ಬಿಟ್ಟಿಲ್ಲ. ಭತ್ತ ಕೊಯ್ದ ಮೇಲೆ ಹಿಂಡು ಹೊಲದಿಂದ ಹೊಲಕ್ಕೆ ಹೋಗಿ ತಂಗುತ್ತದೆ, ಗೊಬ್ಬರ ಬೀಳುತ್ತದೆಂದು ಹೊಲದವರು ಕರೆಯುತ್ತಾರೆ. ನಮ್ಮ ಅವ್ವ ಮಾಯಕ್ಕ ಈಗಲೂ ಹಿಂಡಿನ ಸಂಗಡವೇ. ಮನೆಯಲ್ಲಿ ಕೂತಿರು ಅಂದರೆ ಜ್ವರ ಬಂದವಳಂತೆ ಆಡುತ್ತಾಳೆ.

ನಮ್ಮಪ್ಪ ಬೀರಣ್ಣ ಕಂಬಳಿ ನೇಯುತ್ತಿದ್ದ. ಅವ್ವ ನೂಲು ತೆಗೆದು ಮಗ್ಗಕ್ಕೆ ಹಾಸಿನ ಎಳೆ ಜೋಡಿಸುತ್ತಿದ್ದಳು. ಕಂಬಳಿಯ ದಡಿಯಲ್ಲಿ, ಅಂದರೆ ಅಂಚಿನ ಪಟ್ಟೆಯಲ್ಲಿ, ಯಾವ ಎಳೆ ಕರಿ, ಯಾವುದು ಬಿಳಿ, ಯಾವುದು ಕಂದು ಎಂದು ಹೇಳುವವಳು ಅವಳೇ. ಒಂದೊಂದು ದಡಿಗೂ ಹೆಸರಿದೆ: ಇರುವೆ ಸಾಲು, ಮರಿಹೆಜ್ಜೆ, ಜೋಡಿ ಕಾಲುವೆ. ಅಪ್ಪ ಹೋದ ಮೇಲೆ ಮಗ್ಗಕ್ಕೆ ಕಾಲಿಳಿಸುವ ಕುಣಿ ಮುಚ್ಚಿತು. ದಡಿಗಳೆಲ್ಲ ಈಗ ಅವ್ವನ ತಲೆಯಲ್ಲಿವೆ, ಬೇರೆಲ್ಲೂ ಇಲ್ಲ.

ನೀವು ವೆಬ್ ಪೇಜಿನಲ್ಲಿ ಟೇಬಲ್ ಹಾಕುವುದು ಕಲಿಸಿದ ದಿನ, ಚೌಕಚೌಕದ ಮನೆಗಳಿಗೆ ಒಂದೊಂದು ಬಣ್ಣ ಕೊಡಿಸಿ ಮಗ್ಗಿ ಬರೆಸಿದಿರಿ. ನನಗೆ ಮಗ್ಗಿ ಕಾಣಲಿಲ್ಲ ಸರ್, ದಡಿ ಕಂಡಿತು. ಒಂದು ಎಳೆಗೆ ಒಂದು ಸಾಲು ಮನೆ. ಆ ದಿನವೇ ನಿಶ್ಚಯ ಮಾಡಿದೆ.

ಆದರೆ ನಾನು ಬರೆದದ್ದು ಸರಿಯೋ ತಪ್ಪೋ ಅವ್ವನೇ ನೋಡಿ ಹೇಳಬೇಕು. ಕಾಗದದ ಮೇಲೆ ಪೆನ್ಸಿಲಿನಲ್ಲಿ ತೋರಿಸಿದರೆ ಅವಳಿಗೆ ಎಲ್ಲ ಗೆರೆಯೂ ಒಂದೇ. ಒಮ್ಮೆ ಟಿಳಕವಾಡಿಯ ಸೈಬರ್ ಕೆಫೆಗೆ ಕರೆತಂದೆ. ಆ ಗಾಜಿನ ಗೂಡಿನಲ್ಲಿ ಸೆರಗು ಬಿಗಿಹಿಡಿದು ಕೂತಳು. "ಇಲ್ಲಿ ಕುಂತ್ರ ನನಗ ನನ್ನ ಹೆಸರೂ ನೆನಪ ಬರಂಗಿಲ್ಲವಾ. ಕೇಳೂದಿದ್ರ ಕುರಿ ಕಡೆ ಬಾ" ಅಂದಳು.

ಅದಕ್ಕೇ ಹೊತ್ತುಕೊಂಡು ಹೋಗುವ ಯಂತ್ರ ಬೇಕು. ಹಿಂಡು ಈಗ ಪಾರಿಶ್ವಾಡದ ಕಡೆ ಇದೆ. ಶಿವರಾತ್ರಿ ಕಳೆದರೆ ಮೂಡಣಕ್ಕೆ ಹೊರಡುತ್ತದೆ, ಆಮೇಲೆ ಎಲ್ಲಿದೆಯೆಂದು ನನಗೂ ತಿಳಿಯುವುದಿಲ್ಲ. ಅವ್ವನಿಗೆ ಈಚೆಗೆ ಮರೆವು ಶುರುವಾಗಿದೆ. ಹೋದ ವರ್ಷ ಹೇಳಿದ ಒಂದು ದಡಿಯ ಹೆಸರು ಈ ವರ್ಷ ಕೇಳಿದರೆ ನನ್ನ ಮುಖ ನೋಡುತ್ತಾಳೆ. ನನಗಿರುವುದು ಈ ಸುಗ್ಗಿ ಮಾತ್ರ.

ಪ್ರಮಿಳಾ


ಬೆಳಗಾವಿ
೧೪ ಡಿಸೆಂಬರ್ ೨೦೦೦

ಚಿ. ಪ್ರಮಿಳಾಗೆ ಶರಣು.

ತೀರ್ಪು ರದ್ದಾಗಿದೆ. ನ್ಯಾಯಾಧೀಶನಿಗೆ ಛೀಮಾರಿ ಹಾಕಲಾಗಿದೆ. ಇನ್ನು ಮುಂದೆ ಯಾವುದಕ್ಕೆ ಎಂದು ಕೇಳದೆ ಯಾವುದು ಎಂದು ಹೇಳಬಾರದು, ಈ ಮಾತನ್ನು ನಾನೇ ನಿಮಗೆ ಕ್ಲಾಸಿನಲ್ಲಿ ಹೇಳಿದ್ದೆ.

ನಿನ್ನ ಕಾಗದ ಬಂದ ಮರುದಿನವೇ ಕೊಡೆ ಹಿಡಿದು ಹೊರಟೆ. ಬೆಳಗಾವಿಯಲ್ಲಿ ಲ್ಯಾಪ್‌ಟಾಪ್ ಇಟ್ಟಿರುವ ಅಂಗಡಿಗಳೇ ಕಡಿಮೆ, ಇದ್ದವರೂ ಅದನ್ನು ಗಾಜಿನೊಳಗಿಟ್ಟು ಪೂಜೆ ಮಾಡುತ್ತಾರೆ. ನಾನು ತೆಗೆಸಿ, ಮುಂದೆ ಕೂತು, ನನ್ನ ಫ್ಲಾಪಿಯಿಂದ ಒಂದು ಪುಟ ಹಾಕಿ ನೋಡುತ್ತೇನೆ ಅನ್ನುತ್ತೇನೆ. ಪುಟದಲ್ಲಿ ಮೂರೇ ಬಣ್ಣ: ಕರಿ, ಬಿಳಿ, ಕಂದು. ಒಂದು ಯಂತ್ರದಲ್ಲಿ ಕರಿಯೂ ಕಂದೂ ಒಂದೇ ಆಗಿ ಕಂಡವು. ಇನ್ನೊಂದರಲ್ಲಿ ಕುತ್ತಿಗೆ ಸ್ವಲ್ಪ ವಾಲಿಸಿದರೆ ಬಿಳಿಯದು ಕರಿಯಾಗುತ್ತಿತ್ತು. ನಾನು ಬರುವುದು ಕಂಡರೆ ಒಬ್ಬ ಅಂಗಡಿಯವನು ಈಗ ಚಹಾ ಕುಡಿಯಲು ಹೊರಟುಬಿಡುತ್ತಾನೆ.

ಕೊನೆಗೆ ಟಿಳಕವಾಡಿಯ ಈರಯ್ಯ ಸಿಕ್ಕ. ಹಳೆಯ ಯಂತ್ರ ತಂದು ರಿಪೇರಿ ಮಾಡಿ ಮಾರುವವನು, ಅರ್ಧ ಮಾತು ಕನ್ನಡ, ಅರ್ಧ ಮರಾಠಿ, ಕೈ ಮಾತ್ರ ಪೂರ್ತಿ ಚೊಕ್ಕ. ಅವನಲ್ಲಿ ಎರಡಿವೆ. ಮೊದಲನೆಯದು ಕರಿಯದು, ತೆಳ್ಳಗೆ, ಪರದೆ ಅಗಲ, ಬಣ್ಣ ನೋಡಿದರೆ ಕಣ್ಣಿಗೆ ಹಬ್ಬ. ಆದರೆ ಬ್ಯಾಟರಿ ಸತ್ತಿದೆ, ವಯರ್ ಕಿತ್ತರೆ ಪ್ರಾಣ ಬಿಡುತ್ತದೆ. ಎರಡನೆಯದು ಬೂದುಬಣ್ಣದ್ದು, ದಪ್ಪ, ಪರದೆ ಚಿಕ್ಕದು, ನೇರ ಕೂತರೆ ಮಾತ್ರ ಬಣ್ಣ ಸರಿಯಾಗಿ ಕಾಣುತ್ತದೆ. ಫ್ಲಾಪಿ ಹಾಕುವ ಜಾಗದಲ್ಲಿ ಇನ್ನೊಂದು ಬ್ಯಾಟರಿ ಕೂರಿಸಬಹುದು. ಎರಡೂ ಬ್ಯಾಟರಿ ಗಟ್ಟಿಯಾಗಿವೆ.

ನನ್ನ ಮನಸ್ಸು ಕರಿಯದರ ಮೇಲೆ. ಕರೆಂಟಿಗೆ ಟ್ರ್ಯಾಕ್ಟರಿನ ಬ್ಯಾಟರಿಯಿಂದ ಏನಾದರೂ ಜೋಡಿಸಬಹುದು. ಆದರೆ ಈ ಸಲ ತೀರ್ಪು ನಿನ್ನದು. ಯಾವುದಾದರೂ ಒಂದು ತಿಂಗಳು ಇಟ್ಟುಕೊಂಡು ನೋಡಿ, ಬೇಡವಾದರೆ ತಂದುಕೊಡಿ ಅಂದಿದ್ದಾನೆ ಈರಯ್ಯ. ಆ ಬೂದಿಯದರ ಮೇಲೆ ರಸ್ತೆ ಕಂತ್ರಾಟುದಾರನೊಬ್ಬನಿಗೂ ಕಣ್ಣಿದೆಯಂತೆ.

ಗುರುಪುತ್ರಪ್ಪ


ಖಾನಾಪುರ
೨೨ ಡಿಸೆಂಬರ್ ೨೦೦೦

ಪೂಜ್ಯ ಸರ್,

ಬೂದಿಯದೇ ಇರಲಿ. ಬಾಳೇಶನ ಹಿಂಡಿನಲ್ಲಿ ಕುರಿಗಳಿವೆ, ನಾಯಿಗಳಿವೆ, ಒಂದು ಕತ್ತೆಯೂ ಇದೆ. ಟ್ರ್ಯಾಕ್ಟರ್ ಇಲ್ಲ.

ನೇರ ಕೂತರೆ ಮಾತ್ರ ಕಾಣುತ್ತದೆ ಎಂದಿರಿ. ಅವ್ವ ಯಾವತ್ತೂ ನೇರವಾಗಿಯೇ ಕೂರುತ್ತಾಳೆ, ಬಾಗುವವಳು ನಾನೇ. ತೂಕದ ಚಿಂತೆ ಮಾಡಬೇಡಿ, ಕುರಿಮರಿ ಹೊತ್ತ ಹೆಗಲು ಇದು.

ಬುಧವಾರ ರಜೆ ಹಾಕಿ ಈರಯ್ಯನವರಿಂದ ತೆಗೆದುಕೊಂಡು ಬಂದೆ. ನಿಮ್ಮ ಮನೆಗೂ ಹೋಗಿದ್ದೆ. ನೀವು ಮಲಗಿದ್ದಿರಿ, ಎಬ್ಬಿಸುವುದು ಬೇಡ ಎಂದು ನಾನೇ ನಿಖಿತಾ ಅವರಿಗೆ ಹೇಳಿದೆ. ನನಗಾಗಿ ಇಷ್ಟು ಅಂಗಡಿ ಸುತ್ತಿದ್ದೀರಿ. ನಮ್ಮಪ್ಪ ಇದ್ದಿದ್ದರೆ ಒಂದು ಕಂಬಳಿ ನೇಯ್ದು ಕಳಿಸುತ್ತಿದ್ದ.

ಮುಂದಿನ ಭಾನುವಾರಗಳಲ್ಲಿ ಒಂದನ್ನು ನಮಗೆ ಕೊಡಿ. ಹೊಲದಲ್ಲೇ ಊಟ, ಅವ್ವನ ಕೈಯ ರೊಟ್ಟಿ.

ಪ್ರಮಿಳಾ


ಖಾನಾಪುರ
೮ ಜನವರಿ ೨೦೦೧

ಪೂಜ್ಯ ಸರ್ ಅವರಿಗೆ ನಮಸ್ಕಾರ.

ಬರಲಾಗುವುದಿಲ್ಲ, ನೆಗಡಿ ಎಂದು ಕಾರ್ಡು ಹಾಕಿದ್ದಿರಿ. ಈಗ ಹೇಗಿದ್ದೀರಿ?

ನಿನ್ನೆ ಯಂತ್ರ ಹೊತ್ತುಕೊಂಡು ಹಿಂಡಿಗೆ ಹೋಗಿದ್ದೆ. ಅವ್ವ ಅದನ್ನು ಬಹಳ ಆದರದಿಂದ ಬರಮಾಡಿಕೊಂಡಳು. ಬಿಸಿಲಿಗೆ ಪರದೆ ಕಾಣಲಿಲ್ಲ. ಅವ್ವ ತನ್ನ ಕಂಬಳಿಯ ಕೊಪ್ಪೆಯನ್ನು ನನ್ನ ತಲೆಯ ಮೇಲೂ ಎಳೆದಳು. ಆ ಕತ್ತಲೆಯೊಳಗೆ ಇಬ್ಬರ ತಲೆ, ಮುಂದೆ ಪರದೆ. ಇರುವೆ ಸಾಲು ತೆರೆದೆ. ಅವ್ವ ಒಂದೊಂದೇ ಎಳೆ ಎಣಿಸಿದಳು. ಆಮೇಲೆ ಪರದೆಗೆ ಬೆರಳು ತಾಗಿಸಿ, "ಇಲ್ಲಿ ಕರೀ ಎಳಿ ಒಂದ ಹೆಚ್ಚಾಗೈತಿ, ತಗಿ. ನಿಮ್ಮಪ್ಪ ಹಂಗ ನೇಯಾವಲ್ಲ" ಅಂದಳು. ತೆಗೆದೆ. "ಹಾಂ, ಈಗ ನಿಮ್ಮಪ್ಪಂದು" ಅಂದಳು. ನನಗೆ ಅಳು ಬಂತು ಸರ್, ಕೊಪ್ಪೆಯೊಳಗೆ ಯಾರಿಗೂ ಕಾಣಲಿಲ್ಲ.

ಮರಿಹೆಜ್ಜೆ ಹೇಳಲು ಶುರು ಮಾಡಿದಳು, ಅಷ್ಟರಲ್ಲಿ ಯಂತ್ರ ಆರಿಹೋಯಿತು. ಬ್ಯಾಟರಿ ಇನ್ನೂ ಅರ್ಧಕ್ಕಿಂತ ಹೆಚ್ಚು ಇತ್ತು. ಸ್ವಲ್ಪ ಬಿಟ್ಟು ಹಚ್ಚಿದೆ, ಅವ್ವ ಮಾತು ಶುರು ಮಾಡಿದಳು, ಮತ್ತೆ ಆರಿತು. ಮೂರನೆಯ ಸಲಕ್ಕೆ ಅವ್ವ ನಕ್ಕು, ತನ್ನ ಮಾತು ಕೇಳಿ ಅದಕ್ಕೆ ಬ್ಯಾಸರ ಬಂದಿರಬೇಕು ಅಂದಳು. ಖಾನಾಪುರದ ಮನೆಯಲ್ಲಿ, ಮೇಜಿನ ಮೇಲೆ, ಒಮ್ಮೆಯೂ ಹೀಗಾಗಿಲ್ಲ. ಏನಿರಬಹುದು?

ಪ್ರಮಿಳಾ


ಬೆಳಗಾವಿ
೧೧ ಜನವರಿ ೨೦೦೧

ಚಿ. ಪ್ರಮಿಳಾಗೆ ಶರಣು.

ನಿನ್ನ ಕಾಗದ ಹಿಡಿದುಕೊಂಡೇ ಈರಯ್ಯನ ಅಂಗಡಿಗೆ ಹೋದೆ. ಅಂಗಡಿಯ ತುಂಬ ಗಿರಾಕಿಗಳಿದ್ದರು, ನಾನು ನೋಡಲಿಲ್ಲ. ಸತ್ತ ಬ್ಯಾಟರಿಗೆ ಬಣ್ಣ ಬಳಿದು ಕೊಟ್ಟಿದ್ದಿ, ಒಬ್ಬ ತಾಯಿಯ ಮಾತು ಬಾಯಲ್ಲೇ ಉಳಿಯಿತು ಎಂದು ಕೂಗಿದೆ. ಅವನು ಬೆವರು ಒರೆಸಿಕೊಂಡು, ಯಂತ್ರ ತರಿಸಿ ಸರ್, ನೋಡುತ್ತೇನೆ ಅಂದ. ಸುಳ್ಳುಗಾರನ ಮುಖದಲ್ಲಿ ಅಷ್ಟು ಗಾಬರಿ ಇರುವುದಿಲ್ಲ ಎಂದು ಮನೆಗೆ ಬಂದ ಮೇಲೆ ಅನ್ನಿಸಿತು.

ಇನ್ನೊಂದು ಭಾನುವಾರ ನೋಡು. ಬ್ಯಾಟರಿ ಹಿಂದುಮುಂದು ಬದಲಿಸು, ಪರದೆಯ ಬೆಳಕು ಇಳಿಸು. ಆದರೂ ಆರಿದರೆ ಕಳಿಸು. ನೆಗಡಿ ಹೋಗಿದೆ, ಮೊಣಕಾಲು ಇದೆ.

ಗುರುಪುತ್ರಪ್ಪ


ಖಾನಾಪುರ
೧೭ ಜನವರಿ ೨೦೦೧

ಪೂಜ್ಯ ಸರ್,

ಸಂಕ್ರಾಂತಿಯ ಎಳ್ಳು-ಬೆಲ್ಲ ಈ ಕಾಗದದ ಜೊತೆಗಿದೆ.

ಹೇಳಿದ್ದೆಲ್ಲ ಮಾಡಿದೆ, ಮತ್ತೆ ಆರಿತು. ಈ ಸಲ ಇನ್ನೂ ಬೇಗ. ಅವ್ವ ಈಗ ನಗುತ್ತಿಲ್ಲ. ಇದು ಮನಸ್ಸಿಲ್ಲದ ಸಾಮಾನು, ಕೊಟ್ಟುಬಿಡು ಅನ್ನುತ್ತಾಳೆ. ಜೋಡಿ ಕಾಲುವೆ ಕೇಳಿದರೆ, ಆಮೇಲೆ ನೋಡೂಣು ಎಂದು ನೂಲಿನ ಕದಿರು ತಿರುಗಿಸುತ್ತ ಕೂತಳು.

ನಮ್ಮ ಕಚೇರಿಯ ಲೈನ್‌ಮನ್ ಭರಮಪ್ಪ ಟಿಳಕವಾಡಿಯಿಂದ ದಿನಾ ಬಂದು ಹೋಗುವವರು. ಅವರ ಕೈಯಲ್ಲಿ ಯಂತ್ರ ಕಳಿಸುತ್ತಿದ್ದೇನೆ. ಹೊಲದಲ್ಲಿ ಅದನ್ನು ಬಹಳ ಜೋಪಾನವಾಗಿಯೇ ಇಟ್ಟಿದ್ದೆವು, ಕೆಳಗೆ ಬಿದ್ದಿಲ್ಲ, ನೀರು ತಾಗಿಲ್ಲ. ಕೆಟ್ಟದ್ದೇ ಇದ್ದರೆ ಕಂತ್ರಾಟುದಾರರಿಗೆ ಕೊಟ್ಟುಬಿಡಲು ಹೇಳಿ. ಶಿವರಾತ್ರಿಯೊಳಗೆ ಇನ್ನೊಂದು ಹುಡುಕುವಷ್ಟು ಹೊತ್ತಿಲ್ಲ.

ಪ್ರಮಿಳಾ


ಬೆಳಗಾವಿ
೨೪ ಜನವರಿ ೨೦೦೧

ಚಿ. ಪ್ರಮಿಳಾಗೆ ಶರಣು.

ಯಂತ್ರ ಕಂತ್ರಾಟುದಾರನಿಗೆ ಹೋಗಿಲ್ಲ, ಹೋಗುವುದೂ ಇಲ್ಲ.

ಈರಯ್ಯ ಅದನ್ನು ತನ್ನ ಗಾಜಿನ ಕಪಾಟಿನ ಮೇಲಿಟ್ಟು ಬೆಳಗಿನಿಂದ ಸಂಜೆಯವರೆಗೆ ಓಡಿಸಿದ, ಬ್ಯಾಟರಿ ಬದಲಿಸಿ ಬದಲಿಸಿ. ಒಮ್ಮೆಯೂ ಆರಲಿಲ್ಲ. ನಾನು ಎದುರಿಗೇ ಸ್ಟೂಲು ಹಾಕಿಕೊಂಡು ಕೂತಿದ್ದೆ, ಕಣ್ಣು ತಪ್ಪಿಸಿ ಏನಾದರೂ ಮಾಡಿಯಾನು ಎಂದು. ಆಮೇಲೆ ಬುಡದ ತಿರುಪು ಬಿಚ್ಚಿದ. ಗಾಳಿ ಎಳೆದುಕೊಳ್ಳುವ ಪುಟ್ಟ ಪಂಖ ಇರುತ್ತದಲ್ಲ, ಅದರ ತುಂಬ ಉಣ್ಣೆಯ ನವಿರು. ಅಲುಗಿಸಿದರೆ ಅರಿಶಿನದ ಪುಡಿ ಬಿತ್ತು. ಈರಯ್ಯ ಮೂಸಿ ನೋಡಿ, "ಸರ, ಇದನ್ನ ಅಡಗಿ ಮನ್ಯಾಗ ಇಟ್ಟಿದ್ರೇನ್ರಿ?" ಎಂದು ಕೇಳಿದ.

ಅಡಿಗೆಯ ಅರಿಶಿನ ಅಲ್ಲ ಅನ್ನುವುದು ನನಗೆ ತಿಳಿಯಿತು. ಅದು ಭಂಡಾರ, ದೇವರ ಅರಿಶಿನ. ಬೀರಪ್ಪನ ಗುಡಿಯಿಂದ ಬಂದವರ ಹಣೆಯ ಮೇಲೆ ನಾನು ನೋಡಿಲ್ಲವೇ?

ಗಾಳಿ ಸಿಗದಿದ್ದರೆ ಯಂತ್ರ ಕಾದು ತಾನೇ ಆರುತ್ತದಂತೆ, ಪಂಖ ಚೊಕ್ಕ ಮಾಡಿಸಿದ್ದೇನೆ. ಈರಯ್ಯನ ಕ್ಷಮೆ ಕೇಳಿದೆ, ಅವನು ಚಹಾ ತರಿಸಿದ. ಈಗ ನೀನು ನನಗೆ ಒಂದೇ ಪ್ರಶ್ನೆಗೆ ಉತ್ತರ ಬರೆ. ಹಿಂಡಿನಲ್ಲಿ ಯಂತ್ರ ಯಾವುದರ ಮೇಲೆ ಕೂರುತ್ತದೆ?

ಗುರುಪುತ್ರಪ್ಪ


ಖಾನಾಪುರ
೨೮ ಜನವರಿ ೨೦೦೧

ಪೂಜ್ಯ ಸರ್,

ಗದ್ದಿಗೆಯ ಮೇಲೆ.

ನಮ್ಮಲ್ಲಿ ದೊಡ್ಡವರು ಬಂದರೆ, ಶುಭಕಾರ್ಯ ಇದ್ದರೆ, ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಭಂಡಾರ ಹಾಕಿ, ಅದರ ಮೇಲೆ ಕೂರಿಸುತ್ತೇವೆ. ಮೊದಲ ದಿನ ನಾನು ಚೀಲದಿಂದ ಯಂತ್ರ ತೆಗೆದು ಒಂದು ಕಲ್ಲಿನ ಮೇಲಿಡಲು ಹೋದೆ. ಅವ್ವ ಕೈ ಹಿಡಿದಳು. "ನಿಮ್ಮಪ್ಪನ ಕೈಕೆಲಸ ಹೊತ್ತಗೊಂಡ ಬಂದೈತಿ, ಬರೇ ಕಲ್ಲಿನ ಮ್ಯಾಲ ಇಡತಿಯೇನ?" ಅಂದಳು. ಅಪ್ಪ ನೇಯ್ದ ಕೊನೆಯ ಕಂಬಳಿ ತೆಗೆದು ಹಾಸಿದಳು, ಭಂಡಾರ ಎರಚಿದಳು. ಎರಡನೆಯ ಸಲ, ಯಂತ್ರ ಮುನಿಸಿಕೊಂಡಿದೆ ಎಂದು ಇನ್ನೂ ದಪ್ಪ ಮಡಿಕೆ ಮಾಡಿ ಇನ್ನಷ್ಟು ಭಂಡಾರ ಹಾಕಿದಳು. ಉಸಿರು ಕಟ್ಟಿಸಿದ್ದು ನಾವೇ ಅನ್ನುವುದು ನಿಮ್ಮ ಕಾಗದ ಓದಿದ ಮೇಲೆ ಹೊಳೆಯಿತು. ದಿನಾ ದೂರು ಬರೆದುಕೊಳ್ಳುವವಳು ನಾನು, ನನ್ನದೇ ದೂರಿನಲ್ಲಿ ಮುಖ್ಯವಾದದ್ದನ್ನು ಬರೆದಿರಲಿಲ್ಲ.

ಯಾಕೆ ಬರೆಯಲಿಲ್ಲ ಎಂದು ಕೇಳುತ್ತೀರಿ. ಹೇಳಿಬಿಡುತ್ತೇನೆ. ಮೊದಲ ಕಾಗದದಿಂದಲೂ ನಿಮ್ಮನ್ನು ಕರೆಯುತ್ತಿದ್ದೇನೆ. ಮೊಣಕಾಲು ಅಂದಿರಿ, ನೆಗಡಿ ಅಂದಿರಿ, ಮತ್ತೆ ಮೊಣಕಾಲು ಅಂದಿರಿ. ಅದೇ ಕಾಲು ಬೆಳಗಾವಿಯ ಅಂಗಡಿಗಳನ್ನೆಲ್ಲ ಸುತ್ತಿತು. ಕುರಿ ಹಿಂಡಿನಲ್ಲಿ ಕಂಬಳಿಯ ಮೇಲೆ ಕೂತು ಉಣ್ಣುವುದು ನಿಮಗೆ ಒಗ್ಗಲಾರದು ಎಂದುಕೊಂಡೆ. ಹಾಗಿದ್ದ ಮೇಲೆ ನಮ್ಮ ಗದ್ದಿಗೆಯ ಮಾತು ಬರೆದು ನಗೆಗೀಡಾಗುವುದು ಬೇಡ ಅನ್ನಿಸಿತು. ತಪ್ಪಾಗಿದ್ದರೆ ಬೈಯಿರಿ.

ಈಗ ತೊಡಕು ಬೇರೆ. ಗದ್ದಿಗೆ ಇಲ್ಲದೆ ಇಡಲು ಅವ್ವ ಒಪ್ಪುವುದಿಲ್ಲ. ಇಟ್ಟರೆ ಯಂತ್ರ ಒಪ್ಪುವುದಿಲ್ಲ.

ಪ್ರಮಿಳಾ


ಬೆಳಗಾವಿ
೩ ಫೆಬ್ರವರಿ ೨೦೦೧

ಚಿ. ಪ್ರಮಿಳಾಗೆ ಶರಣು.

ಬೈಯುತ್ತೇನೆ, ಆದರೆ ನನ್ನನ್ನು. ಅರ್ಧ ಹೇಳುವ ಚಾಳಿ ನಿನ್ನೊಬ್ಬಳದೇ ಅಲ್ಲ.

ನಿನ್ನ ಗುರುಪತ್ನಿ ಬಾಳವ್ವ ಹೋಗಿ ಎರಡು ವರ್ಷವಾಯಿತು. ನಾವಿಬ್ಬರೂ ಎಲ್ಲಿಗೆ ಹೋದರೂ ಜೋಡಿಯಾಗಿಯೇ ಹೋದವರು. ಅವಳು ಹೋದ ಮೇಲೆ ಕಾಕತಿಯಲ್ಲಿ ಸಂಬಂಧಿಕರೊಬ್ಬರ ಮನೆಗೆ ಹೋಗಿದ್ದೆ. ಅವರು ರೂಢಿಯಂತೆ ಎರಡು ಮಣೆ ತಂದರು, ನೆನಪಾಗಿ ಒಂದನ್ನು ಒಳಗೆ ಒಯ್ದರು. ಆ ಮಣೆ ಒಳಗೆ ಹೋದದ್ದನ್ನು ನನ್ನಿಂದ ನೋಡಲಾಗಲಿಲ್ಲ. ಉಣ್ಣದೆ ಎದ್ದು ಬಂದೆ. ಅಂದಿನಿಂದ ಯಾರ ಮನೆಗೂ ಅತಿಥಿಯಾಗಿ ಹೋಗಿಲ್ಲ. ಅಂಗಡಿಗೆ ಹೋಗಬಹುದು, ಅಲ್ಲಿ ಸ್ಟೂಲು ಒಂದೇ ಇರುತ್ತದೆ. ಮೊಣಕಾಲಿನದು ಸುಳ್ಳು. ನಿಮ್ಮ ಕಂಬಳಿ ನನಗೆ ಒಗ್ಗದು ಎಂದು ನಿನಗೆ ಅನ್ನಿಸುವಂತಾಯಿತಲ್ಲ, ಅದರಿಂದ ನನಗೆ ನೋವಾಗಿದೆ.

ಇನ್ನು ತೊಡಕಿಗೆ ಉಪಾಯ. ಗದ್ದಿಗೆ ಹಾಸಲಿ, ಭಂಡಾರ ಹಾಕಲಿ, ಅದರ ಮೇಲೊಂದು ಮಣೆ ಇಡಿ, ಮಣೆಯ ಮೇಲೆ ಯಂತ್ರ. ಹಲಗೆ ಗಟ್ಟಿ, ಕೆಳಗೆ ಗಾಳಿ ಆಡುತ್ತದೆ, ಅವ್ವನ ಮರ್ಯಾದೆಯೂ ಉಳಿಯುತ್ತದೆ. ಭಂಡಾರ ಮಾತ್ರ ಯಂತ್ರದ ಮೇಲೆ ಬೀಳದಿರಲಿ.

ಮಣೆಯನ್ನೂ ಯಂತ್ರವನ್ನೂ ಭರಮಪ್ಪನವರ ಕೈಯಲ್ಲಿ ಕಳಿಸಿದ್ದೇನೆ. ಬಾಳವ್ವ ಕೂರುತ್ತಿದ್ದ ಮಣೆ ಅದು. ಜೋಡಿಯ ಇನ್ನೊಂದರ ಮೇಲೆ ಕೂತು ನಾನು ಉಣ್ಣುತ್ತೇನೆ. ಇದು ಇಷ್ಟು ದಿನ ಗೋಡೆಗೆ ಮುಖ ಮಾಡಿ ನಿಂತಿತ್ತು. ಕೆಲಸಕ್ಕೆ ಬಂದರೆ ಅವಳಿಗೂ ಹಿತವಾದೀತು.

ಗುರುಪುತ್ರಪ್ಪ


ಖಾನಾಪುರ
೧೨ ಫೆಬ್ರವರಿ ೨೦೦೧

ಪೂಜ್ಯ ಸರ್ ಅವರಿಗೆ,

ಈ ಕಾಗದ ಸ್ವಲ್ಪ ಉದ್ದ. ಕೂತು ಓದಿ.

ನಿನ್ನೆ ಮಣೆಯನ್ನೂ ಯಂತ್ರವನ್ನೂ ಹೊತ್ತುಕೊಂಡು ಹೋದೆ. ಅವ್ವ ಕಂಬಳಿ ಹಾಸಿ ಕಾಯುತ್ತಿದ್ದಳು. ಮಣೆ ತೆಗೆದು ಕೊಟ್ಟೆ. ಅವಳು ಅದರ ಮೇಲೆ ಅಂಗೈ ಆಡಿಸಿದಳು. ಕೂತು ಕೂತು ನಡುವೆ ಸವೆದು ನುಣುಪಾಗಿದೆಯಲ್ಲ, ಅಲ್ಲಿ ಕೈ ನಿಂತಿತು. ಯಾರದು ಎಂದು ಕೇಳಿದಳು. ನಿಮ್ಮ ಕಾಗದದಲ್ಲಿದ್ದದ್ದನ್ನು ಹೇಳಿದೆ. ಹೇಳಬಾರದಿತ್ತೇನೋ, ಆದರೆ ಅರ್ಧ ಹೇಳುವುದನ್ನು ಬಿಟ್ಟಿದ್ದೇನೆ.

ಅವ್ವ ಕದಿರು ಕೆಳಗಿಟ್ಟಳು. ಆಮೇಲೆ ನನ್ನನ್ನು ಗದರಿಸಿದಳು. "ಆ ತಾಯಿ ಕುಂತ ಮಣಿ ಇದು. ಇದರ ಮ್ಯಾಲ ಮಿಷಿನ್ ಇಡೂದೇನ? ಮಿಷಿನ್ ಎಷ್ಟ ಸಲ ಬಂತು, ಎಷ್ಟ ಸಲ ಹೋತು. ಅದು ಈಗ ಮನೀದಾತು. ಮನೀ ಮಕ್ಕಳು ನೆಲದ ಮ್ಯಾಲ ಕುಂದರತಾವು. ಗದ್ದಿಗಿ ಬರೂ ಮಂದಿಗೆ."

ಹೀಗಂದು ಯಂತ್ರವನ್ನು ತಾನೇ ಎತ್ತಿ ಬರೀ ಕಲ್ಲಿನ ಮೇಲಿಟ್ಟಳು. ನಾನು ಮೊದಲ ದಿನ ಇಡಲು ಹೋಗಿದ್ದಂಥದೇ ಕಲ್ಲು. ನಿಮ್ಮ ಉಪಾಯ, ಭರಮಪ್ಪನವರ ಹೆಗಲು, ಎಲ್ಲ ವ್ಯರ್ಥವಾಯಿತು ಎಂದು ನಕ್ಕೆ. ವ್ಯರ್ಥವಾಗಿಲ್ಲ ಸರ್.

ಕೊಪ್ಪೆಯೊಳಗೆ ಇಬ್ಬರೂ ತಲೆ ತೂರಿಸಿ ಕೂತೆವು. ಮರಿಹೆಜ್ಜೆ ಹೇಳಿದಳು, ಜೋಡಿ ಕಾಲುವೆ ಹೇಳಿದಳು. ಹೋದ ವರ್ಷ ಹೇಳಿ ಈ ವರ್ಷ ಮರೆತಿದ್ದ ಆ ದಡಿ ಇತ್ತಲ್ಲ, ಅದರ ಬಣ್ಣಗಳನ್ನು ನಾನು ನೆನಪಿನಿಂದ ತುಂಬಿ ತೋರಿಸಿದೆ. ಎರಡು ಎಳೆ ಅದಲುಬದಲು ಮಾಡಿಸಿದಳು. ತಟ್ಟನೆ, "ಹಗ್ಗದ ಗಂಟು" ಅಂದಳು. ಹೆಸರು ಬಂತು. ಬ್ಯಾಟರಿ ಪೂರ್ತಿ ಮುಗಿಯುವವರೆಗೆ ಯಂತ್ರ ಒಮ್ಮೆಯೂ ಆರಲಿಲ್ಲ. ಅವ್ವನಿಗೆ ನೆನಪಿರುವ ದಡಿಗಳೆಲ್ಲ ಈಗ ಪುಟದಲ್ಲಿವೆ. ಫ್ಲಾಪಿಗೆ ಹಾಕಿ, ಬೆಳಗಾವಿಗೆ ಬಂದಾಗ ಪುಕ್ಕಟೆ ಜಾಗ ಕೊಡುವ ವೆಬ್ ತಾಣಕ್ಕೆ ಏರಿಸುತ್ತೇನೆ. ಇಷ್ಟು ಸಂತೋಷ ನನಗೆ ನೌಕರಿ ಸಿಕ್ಕ ದಿನವೂ ಆಗಿರಲಿಲ್ಲ.

ಹೊರಡುವಾಗ ಕಂಬಳಿ ಮಡಚಲು ಹೋದೆ. ಅವ್ವ ಬಿಡಲಿಲ್ಲ. ಹಾಸಿದ ಗದ್ದಿಗೆಯನ್ನು ಯಾರೂ ಕೂರದೆ ಎತ್ತಬಾರದಂತೆ. ಗುಡಾರದೊಳಗೆ ಹಾಸಿಯೇ ಇಟ್ಟಿದ್ದಾಳೆ, ಬಾಳೇಶನ ಮಕ್ಕಳೂ ಹತ್ತುವಂತಿಲ್ಲ. ಅದರ ಬಾಜು ಬಾಳವ್ವನವರ ಮಣೆ ಹಾಕಿದ್ದಾಳೆ. ನಿಮಗೆ ಬರೆಯಲು ಹೇಳಿದ ಮಾತು ಇದು, ಅವಳು ಅಂದಹಾಗೆಯೇ ಬರೆದಿದ್ದೇನೆ: "ಎರಡೂ ಹಾಸೇನಿ ಅಂತ ಬರಿ. ಒಂದನ್ನೂ ಒಳಗ ಒಯ್ಯಂಗಿಲ್ಲ."

ಹಿಂಡು ಶಿವರಾತ್ರಿಯವರೆಗೆ ಪಾರಿಶ್ವಾಡದಲ್ಲೇ ಇರುತ್ತದೆ.

ಪ್ರಮಿಳಾ


ಬೆಳಗಾವಿ
೧೪ ಫೆಬ್ರವರಿ ೨೦೦೧

ಚಿ. ಪ್ರಮಿಳಾಗೆ ಶರಣು.

ಭಾನುವಾರ ಬೆಳಗಿನ ಕೆಂಪು ಬಸ್ಸಿಗೆ ಬರುತ್ತೇನೆ. ಕುಂದಾ ತರುತ್ತೇನೆ, ನಿಖಿತಾ ಈಗಲೇ ಡಬ್ಬಿ ತೊಳೆದಿಟ್ಟಿದ್ದಾಳೆ. ದಡಿಗಳನ್ನು ನನಗೂ ಕೊಪ್ಪೆಯೊಳಗೇ ತೋರಿಸಬೇಕು.

ಹಾಸಿದ್ದು ಹಾಗೇ ಇರಲಿ ಎಂದು ಅವ್ವನಿಗೆ ಹೇಳು.

ಗುರುಪುತ್ರಪ್ಪ